ವೇಷಕ್ಕೆ ಕಾಲಿಲ್ಲವೆ?

“ಮೂರು ತಾಸಿಗೆ ಒಂದು ಪ್ರಸಂಗ ಬರೆದುಕೊಡಿ” ಎಂದು ಹೊಸನಗರದ ಕಡೆಯ ಪರಿಚಿತರೊಬ್ಬರು ಕೇಳಿದಾಗ ನಾನು ಒಪ್ಪಿದ್ದು ಅರ್ಧ ಉಮೇದಿನಿಂದ, ಇನ್ನರ್ಧ ಅವರ ಮನೆಯ ಹಲಸಿನ ಹಪ್ಪಳದ ದಾಕ್ಷಿಣ್ಯದಿಂದ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಯಕ್ಷಗಾನದ ಆಟ ನೋಡುವುದೆಂದರೆ ಕಂಬಳಿ ಹೊದ್ದು ಬೆಳಗು ಮಾಡುವುದು ಎಂದೇ ತಿಳಿದು ಬೆಳೆದವ ನಾನು. ಈಗ ಕರಪತ್ರದಲ್ಲಿ ಪ್ರಸಂಗದ ಹೆಸರಿನ ಪಕ್ಕಕ್ಕೇ ‘ಕಾಲಮಿತಿ’ ಎಂದು ಅಚ್ಚಾಗಿರುತ್ತದೆ.

ಮಳೆಗಾಲ. ತೋಟಕ್ಕೆ ಕೊಳೆ ಔಷಧಿ ಹೊಡೆದಾಗಿತ್ತು. ಬರೆಯುತ್ತ ಹೋದೆ, ಪದ್ಯ 240 ಆಯಿತು.

ಭಾಮಿನಿ ಷಟ್ಪದಿಯ ಲೆಕ್ಕ ನಮ್ಮ ಹಳೇ ಮನೆಗಳ ಅಂಕಣದ ಲೆಕ್ಕದ ಹಾಗೆ. ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗೆ ಕಂಬ ನೆಟ್ಟರೆ 14ರ ಒಂದು ಸಾಲು. ಮೂರನೆಯದು, ಆರನೆಯದು ಮಾತ್ರ ಜಗಲಿ ಚಾಚಿದಂತೆ 23. ಒಟ್ಟು 102. ಎರಡು ಮಾತ್ರೆ ಸಾಲದೆ ಬಂದರೆ ‘ತಾಂ’ ಸಿಗಿಸುವುದು, ಮೂರಾದರೆ ‘ಮುದದಿ’. ನನ್ನ ಪ್ರಸಂಗದಲ್ಲಿ ಹೆಣ ಹೊತ್ತವರೂ ಮುದದಿಯೇ ಹೊತ್ತಿದ್ದರು.

ಪಟ್ಟಿಯನ್ನು ಪದ್ಯ ಹಾಡುವ ಭಾಗವತರ ಕೈಗಿಟ್ಟೆ. ಅವರು ಓದುವ ಮೊದಲು ತೂಗಿ ನೋಡಿದರು. ಆಮೇಲೆ ನಡುವಿನ ಒಂದು ಹಾಳೆಗೆ ಬೆರಳಿಟ್ಟು, “ರಾಜ ಕಾಡಿಗೆ ಹೋದ ಅನ್ನಲಿಕ್ಕೆ ನಾಲ್ಕು ಪದ್ಯ ಯಾಕೆ? ವೇಷಕ್ಕೆ ಕಾಲಿಲ್ವಾ?” ಎಂದರು.

ನಿಜವೇ. ಚಂಡೆ ಬಿದ್ದು ವೇಷ ರಂಗಸ್ಥಳಕ್ಕೆ ಒಂದು ಸುತ್ತು ಬಂದರೆ ಕಾಡು ಬಂತು. ಮಾತನ್ನಂತೂ ಪ್ರಸಂಗದಲ್ಲಿ ಬರೆದಿರುವುದೇ ಇಲ್ಲ; ಪದ್ಯದ ಬೆನ್ನಿಗೆ ಅರ್ಥ ಹೇಳುವುದು ವೇಷಧಾರಿಯ ಪಾಲು. ಕಾವ್ಯ ಹಾಡಿ ಅರ್ಥ ಹೇಳುವ ಗಮಕದಲ್ಲೂ ಹೀಗೇ. ಶಿವಮೊಗ್ಗದ ಹತ್ತಿರ ಹೊಸಹಳ್ಳಿ ಇದೆ, ಅದಕ್ಕೆ ಹೆಸರಾದ ಊರು. ಗಮಕಿ, ವ್ಯಾಖ್ಯಾನಕಾರ ಇಬ್ಬರೂ ಹುರುಪಿನಲ್ಲಿದ್ದರೆ ಕುಮಾರವ್ಯಾಸನ ಅದೇ 102 ಮಾತ್ರೆಯ ಒಂದು ಪದ್ಯ ಎಷ್ಟು ಹೊತ್ತಿಗೂ ಹಿಗ್ಗೀತು. ಪದ್ಯದ ಉದ್ದ ಕಾಗದದಲ್ಲಿ ಒಂದು, ಗಂಟಲಲ್ಲಿ ಇನ್ನೊಂದು.

ಓದುವ ಪದ್ಯದ ಪಾಡು ಬೇರೆ. ಅಮೆರಿಕದ ಎಡ್ಗರ್ ಅಲನ್ ಪೋ, ಒಂದೇ ಸಲ ಕೂತು ಓದಿ ಮುಗಿಯದ ಪದ್ಯದ ಪರಿಣಾಮ ಚದುರಿಹೋಗುತ್ತದೆಂದು 1846ರಲ್ಲಿ ವಾದಿಸಿದ. ತನ್ನ ‘ದಿ ರೇವನ್’ಗೆ ಸುಮಾರು 100 ಸಾಲೆಂದು ಮೊದಲೇ ಗೊತ್ತುಮಾಡಿಕೊಂಡನಂತೆ, ಆದದ್ದು 108. ನಮ್ಮ ಕಡೆಯವನಾಗಿದ್ದರೆ ಅಷ್ಟೋತ್ತರವೆಂದು ಮಂಗಳಾರತಿ ಎತ್ತುತ್ತಿದ್ದ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಪುಟ್ಟಪ್ಪನವರು ಇಂಥ ಲೆಕ್ಕಕ್ಕೆ ಸಿಗುವವರಲ್ಲ. 1949ರಲ್ಲಿ ಅಚ್ಚಾದ ‘ಶ್ರೀ ರಾಮಾಯಣ ದರ್ಶನಂ’ 22 ಸಾವಿರ ಸಾಲು ದಾಟಿದೆ. ಅಳತೆ ಅಲ್ಲೂ ಉಂಟು: ಐದೈದು ಮಾತ್ರೆಯ ನಾಲ್ಕು ಗಣ, ಸಾಲಿಗೆ 20. ಆದರೆ ಪ್ರಾಸದ ಹಂಗಿಲ್ಲ, ವಾಕ್ಯ ಸಾಲಿನ ತುದಿಗೇ ನಿಲ್ಲಬೇಕೆಂದಿಲ್ಲ. ತುಂಗೆ ಬಂಡೆ ಹಾಯ್ದಂತೆ ಹಾಯ್ದು ಮುಂದೆ ಹೋಗುತ್ತದೆ. ಅಷ್ಟುದ್ದ ಯಾಕೆಂದು ಬಹಳ ಕಾಲ ಯೋಚಿಸಿದ್ದೆ. ಭಾಗವತರ ಮಾತು ಕೇಳಿದ ಮೇಲೆ ಹೊಳೆಯಿತು: ಅಲ್ಲಿ ಚಂಡೆಯಿಲ್ಲ, ವೇಷವಿಲ್ಲ. ಕಾಡಿಗೆ ನಡೆಸುವುದು, ಕಾಡು ಬೆಳೆಸುವುದು, ಅದರ ಮೇಲೆ ಮಳೆ ಸುರಿಸುವುದು ಎಲ್ಲವೂ ಕವಿಯೊಬ್ಬರ ಹೆಗಲಿಗೆ. ನಾನು ಮಾತ್ರ ಐದಾರು ಜನ ಹೊರುವ ಪಲ್ಲಕ್ಕಿಯನ್ನು ಒಬ್ಬನೇ ಹೊರಲು ಹೋಗಿದ್ದೆ.

ಹೋಗುವ ಪದ್ಯ, ಬರುವ ಪದ್ಯ, ಬೆಳಗಾಯಿತೆಂಬ ಪದ್ಯ ಎಲ್ಲ ಹೊಡೆದುಹಾಕಿದೆವು. ಉಳಿದದ್ದು 70. ‘ಮುದದಿ’ಗಳನ್ನೂ ಕಿತ್ತೆವು. ಒಂದು ಭಾಮಿನಿಯಲ್ಲಿ ‘ತಾಂ’ ಹೋಗಿ ಸಾಲು ಕುಂಟಿತು. “ಎರಡು ಮಾತ್ರೆ ಕಡಿಮೆ ಬಿತ್ತಲ್ಲ” ಎಂದು ಹಲುಬಿದೆ.

“ಬೀಳ್ಲಿ ಬಿಡಿ. ನನಗೂ ಎಳೆಯಲಿಕ್ಕೆ ಸ್ವಲ್ಪ ಜಾಗ ಬೇಡ್ವಾ ಮಾರಾಯ್ರೆ?”

ಆಟದ ದಿನ ಆ ಎರಡು ಮಾತ್ರೆಯ ಜಾಗದಲ್ಲಿ ಭಾಗವತರು ಆಲಾಪ ಎತ್ತಿದರು. ಚೌಕಿಯ ಬದಿಯಲ್ಲಿ ನಿಂತು ಗಡಿಯಾರ ನೋಡಿಕೊಂಡೆ. ರಾಜ ಕಾಡಿಗೆ ಹೋಗುವ ನನ್ನ ನಾಲ್ಕು ಪದ್ಯ ಆರಾಮಾಗಿ ಹಿಡಿಸುತ್ತಿದ್ದವು.