ದಪ್ಪ ಪ್ಲಗ್ಗಿನ ಕೀಬೋರ್ಡ್ ಇದೆಯಾ?

ಶಿಡ್ಲಘಟ್ಟದ ಗೆಳೆಯರೊಬ್ಬರ ಪ್ರಿಂಟಿಂಗ್ ಪ್ರೆಸ್ಸಿನ ಅಟ್ಟದಲ್ಲಿ ಹಳೇ 486 ಕಂಪ್ಯೂಟರ್ ಇದೆ. ಆನ್ ಆಗುತ್ತೆ, ಮೆಮೊರಿ ಎಣಿಸುತ್ತೆ, ಆಮೇಲೆ ಕೀಬೋರ್ಡ್ ಇಲ್ಲ, ಎಫ್1 ಒತ್ತಿ ಅನ್ನುತ್ತೆ. ಯಾವುದರಲ್ಲಿ ಒತ್ತೋದು ಸ್ವಾಮಿ?

ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಗುಜರಿ ಅಂಗಡಿಗಳಲ್ಲೆಲ್ಲ ಕೇಳಿದ್ದಾಯ್ತು. ಮಾನಿಟರ್ ಇದೆ, ಸಿಪಿಯು ಡಬ್ಬ ಇದೆ, ಕೀಬೋರ್ಡ್ ಮಾತ್ರ ಇಲ್ಲ. ನನ್ನ ಅಂದಾಜು: ಮದರ್‌ಬೋರ್ಡಿನಲ್ಲಿ ತಾಮ್ರ, ಒಂಚೂರು ಚಿನ್ನದ ಲೇಪ ಇರುತ್ತೆ, ಎತ್ತಿಡ್ತಾರೆ. ಕೀಬೋರ್ಡ್ ಬರೀ ಪ್ಲಾಸ್ಟಿಕ್, ಮೊದಲು ಪುಡಿಯಾಗೋದು ಅದೇ.

ಬೇಕಿರೋದು ಐದು ಪಿನ್ನಿನ ದಪ್ಪ ದುಂಡು ಪ್ಲಗ್ಗಿನದು. ಆಮೇಲೆ ಬಂದ ಆರು ಪಿನ್ನಿನ ಪಿಎಸ್/2 ಆದರೂ ಸರಿ. ಎರಡರ ಸಿಗ್ನಲ್ ಒಂದೇ, ನಡುವೆ ಸಣ್ಣ ಅಡಾಪ್ಟರ್ ಸಾಕು. ಈಗಿನ ಯುಎಸ್‌ಬಿ ಕೀಬೋರ್ಡಿಗೆ ಅಂಥದ್ದೇ ಅಡಾಪ್ಟರ್ ಸಿಕ್ಕಿಸಿದ್ರೆ ಬಹಳಷ್ಟು ಕೆಲಸ ಮಾಡಲ್ಲ, ಕೀಬೋರ್ಡಿಗೇ ಎರಡೂ ಗೊತ್ತಿರಬೇಕು. ಕಂಪ್ಯೂಟರ್ ಇನ್ನೂ ಹಳೇದು, 1983ರ ಐಬಿಎಂ ಎಕ್ಸ್‌ಟಿ ಥರದ್ದಾದರೆ ಬೇರೆಯೇ ಕಥೆ. 1984ರ ಎಟಿ ಕೀಬೋರ್ಡಿನ ಪ್ಲಗ್ ಅದರಲ್ಲಿ ಲಕ್ಷಣವಾಗಿ ಕೂರುತ್ತೆ, ಒಂದಕ್ಷರವೂ ಮೂಡಲ್ಲ. ಅದಕ್ಕೇ ಕೆಲವು ಕೀಬೋರ್ಡುಗಳ ಬೆನ್ನಲ್ಲಿ ಎರಡಕ್ಕೂ ಹೊಂದಿಸೋ ಪುಟ್ಟ ಸ್ವಿಚ್ ಇರ್ತಿತ್ತು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗೋ ಮುಂಚೆ ಇಲ್ಲೇ ಕೇಳ್ತಿದ್ದೀನಿ. ಆ ಟಕಟಕ ಸದ್ದಿನ ಟಿವಿಎಸ್ ಗೋಲ್ಡ್, ಪಿಎಸ್/2 ಪ್ಲಗ್ಗಿಂದು, ಯಾರ ಮನೇಲಾದ್ರೂ ಇದ್ರೆ ಹೇಳಿ. ಕೀಲಿಗಳ ಮೇಲಿನ ಅಕ್ಷರ ಅಳಿಸಿದ್ರೂ ಪರವಾಗಿಲ್ಲ, ಡಿಟಿಪಿ ಮಾಡಿದವರು ಕೀಲಿ ನೋಡಿ ಒತ್ತಲ್ಲ.