ಟೊಬೇಗೊ ದಾರಿಯಲ್ಲಿ ಸಿಕ್ಕ ಅಜ್ಜಿ

ಹೊರಟಿದ್ದು ಟೊಬೇಗೊಗೆ, ಟ್ರಿನಿಡಾಡ್ ನಮಗೆ ಹಡಗು ಹಿಡಿಯುವ ನಿಲ್ದಾಣವಷ್ಟೇ. ಪೋರ್ಟ್ ಆಫ್ ಸ್ಪೇನ್‌ನ ಬೀದಿ ಬದಿಯಲ್ಲಿ ‘ಡಬಲ್ಸ್’ ತಿಂದೆವು. ಎರಡು ಮೆತ್ತನೆಯ ‘ಬಾರಾ’, ನಡುವೆ ಬೇಯಿಸಿದ ಕಾಬೂಲಿ ಕಡಲೆ. ಖಾರವೋ, ಕೇಳಬೇಡಿ! ಮಾರುತ್ತಿದ್ದ ಅಜ್ಜಿ, “ಇಂಡಿಯಾದಲ್ಲಿ ಯಾವ ಊರು?” ಎಂದರು. ಹೇಳಿ, ನಿಮ್ಮದು ಎಂದೆ. ನಕ್ಕರು. ಅಜ್ಜನ ಅಜ್ಜ ಕಬ್ಬಿನ ತೋಟದ ಕೂಲಿಗೆ ಬಂದವರಂತೆ. ಊರ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ‘ಫತೇಲ್ ರಜಾಕ್’ ಹಡಗು ಮೊದಲ ಭಾರತೀಯ ಕೂಲಿಗಳನ್ನು ಇಲ್ಲಿ ತಂದಿಳಿಸಿದ್ದು 1845ರ ಮೇ 30ರಂದು. ಆ ಸಾಗಾಟ 1917ರವರೆಗೂ ನಡೆಯಿತು.

ಟೊಬೇಗೊದಲ್ಲಿ ಗದ್ದಲವಿಲ್ಲ. ಮಳೆ ಬರಲೆಂದೇ 1776ರಲ್ಲಿ ಕಾನೂನು ಮಾಡಿ ಉಳಿಸಿದ ಕಾಡಿದೆ. ಅಲ್ಲಿ ನೆನೆಯುತ್ತ ನಿಂತಿದ್ದಾಗ ಮಗಳು, “ಆ ಅಜ್ಜಿಯ ಊರು ಹುಡುಕಬಹುದಾ?” ಎಂದಳು. ಕೂಲಿಗಳ ಪಾಸಿನಲ್ಲಿ ಹಳ್ಳಿಯ ಹೆಸರೂ ಇರುತ್ತಿತ್ತು, ಆದರೆ ಹುಡುಕಲು ಪೂರ್ವಜರ ಹೆಸರು ಬೇಕು ಎಂದೆ. ಅಜ್ಜಿಯ ಹೆಸರನ್ನೇ ನಾವು ಕೇಳಿರಲಿಲ್ಲ.