ಹಳೆಯ ಕೋವಿಗೆ ಹೊಸ ಕಣ್ಣು

ಗುಂಡೇನೋ ಫಲಕಕ್ಕೆ ಬಿತ್ತು. ಆದರೆ ಬಿದ್ದದ್ದು ತನ್ನ ಫಲಕಕ್ಕಲ್ಲ, ಪಕ್ಕದವರದಕ್ಕೆ.

ಇಂಗ್ಲೆಂಡಿನ ಸರ್ರೆ ಪ್ರಾಂತ್ಯದಲ್ಲಿ ಬಿಸ್ಲಿ ಎಂಬ ಊರಿದೆ. 1890ರಿಂದ ಅಲ್ಲಿ ಗುರಿ ಹೊಡೆಯುವ ಸ್ಪರ್ಧೆಗಳು ನಡೆಯುತ್ತ ಬಂದಿವೆ. ಸಾಲಾಗಿ ನಿಂತ ಫಲಕಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸ್ಪರ್ಧಿಗಳು ನೆಲದ ಮೇಲೆ ಬೋರಲಾಗಿ ಮಲಗಿ, ತಮ್ಮ ಸಂಖ್ಯೆಯ ಫಲಕಕ್ಕೆ ಗುರಿಯಿಡಬೇಕು. ಅರವತ್ತೆಂಟು ವಯಸ್ಸಿನ ಆ ಹಿರಿಯರು ನಲವತ್ತು ವರ್ಷಗಳಿಂದ ಹೀಗೆ ಮಲಗಿದ್ದಾರೆ, ಎದ್ದಿದ್ದಾರೆ. ಅಂಚೆ ಕಚೇರಿಯ ಕೆಲಸದಿಂದ ನಿವೃತ್ತರಾದವರು. ಹೆಸರು ಮುಖ್ಯವಲ್ಲ. ಅಂಥವರು ಅಲ್ಲಿ ನೂರಾರು ಮಂದಿ ಸಿಗುತ್ತಾರೆ. ಪಕ್ಕದವರ ಫಲಕಕ್ಕೆ ಹೊಡೆಯುವುದು ಹೊಸಬರು ಮಾಡುವ ತಪ್ಪು. ಆ ಭಾನುವಾರ ಅವರು ಅದನ್ನು ಎರಡು ಸಲ ಮಾಡಿದರು. ಯಾರೂ ನಗಲಿಲ್ಲ. ಅದೇ ಅವರಿಗೆ ಹೆಚ್ಚು ನೋವಾದದ್ದು.

ಅವರ ಕೈಯಲ್ಲಿದ್ದದ್ದು ಲೀ-ಎನ್‌ಫೀಲ್ಡ್ ನಂಬರ್ 4 ಮಾದರಿಯ ರೈಫಲ್. 1943ರಲ್ಲಿ ಲಿವರ್‌ಪೂಲ್ ಬಳಿಯ ಫಜಕರ್ಲಿ ಕಾರ್ಖಾನೆಯಲ್ಲಿ ಹುಟ್ಟಿದ್ದು. ಯುದ್ಧ ಮುಗಿದ ಮೇಲೆ ಸೈನ್ಯ ಬೇಡವೆಂದು ಮಾರಿದ ರೈಫಲ್‌ಗಳಲ್ಲಿ ಒಂದನ್ನು ಅವರ ತಂದೆ ಕೊಂಡಿದ್ದರು. ನಮ್ಮವರಿಗೆ ಇದು ಅಪರಿಚಿತವಲ್ಲ. 'ತ್ರೀ ನಾಟ್ ತ್ರೀ' ಎಂದರೆ ಸಾಕು, ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಂತ ಪೇದೆಯ ಚಿತ್ರ ಕಣ್ಣಿಗೆ ಬರುತ್ತದೆ. ನಳಿಕೆಯ ವ್ಯಾಸ 0.303 ಅಂಗುಲ, ಅಂದರೆ ಸುಮಾರು 7.7 ಮಿಲಿಮೀಟರ್. ಹೆಸರು ಬಂದದ್ದು ಅದರಿಂದ. ಇದರ ಅಣ್ಣನಂಥ ಹಿಂದಿನ ಮಾದರಿಯನ್ನು ಬಂಗಾಳದ ಇಷಾಪುರದಲ್ಲಿ ತಯಾರಿಸುತ್ತಿದ್ದರು. ಉತ್ತರ ಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಆ ಸಂಜೆ ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ತಪ್ಪು ರೈಫಲಿನದು. ಅದರ ಸೈಟುಗಳು ಹಳೆಯ ಕಾಲದವು. ಹೊಸದೊಂದು ದೂರದರ್ಶಕ ಕೂರಿಸಿದರೆ ಎಲ್ಲವೂ ಸರಿಹೋಗುತ್ತದೆ.

ಸೈಟು ಎಂದರೆ ಬೆಂಗಳೂರಿನವರಿಗೆ ಮೂವತ್ತು-ನಲವತ್ತರ ನಿವೇಶನ. ಎನ್‌ಸಿಸಿ ಸೇರಿದ ಮಕ್ಕಳಿಗೆ ಇನ್ನೊಂದು ಸೈಟೂ ಗೊತ್ತು. ನಳಿಕೆಯ ತುದಿಯಲ್ಲಿ ಒಂದು ಸಣ್ಣ ಅಲಗು, ಅದು ಮುಂದಿನ ಸೈಟು. ಕಣ್ಣಿನ ಹತ್ತಿರ ಇನ್ನೊಂದು, ಹಿಂದಿನ ಸೈಟು. ನಂಬರ್ 4 ರೈಫಲ್‌ನಲ್ಲಿ ಹಿಂದಿನದು ಒಂದು ಸಣ್ಣ ತೂತು. ತೂತಿನ ಮೂಲಕ ನೋಡಿ, ಅಲಗಿನ ತುದಿಯನ್ನು ಗುರಿಯ ಕೆಳಗೆ ನಿಲ್ಲಿಸಬೇಕು. ಕಣ್ಣಿನಿಂದ ಅಲಗಿಗೆ ಸುಮಾರು 80 ಸೆಂಟಿಮೀಟರ್. ಗುರಿ ಇರುವುದು ನೂರಾರು ಮೀಟರ್ ಆಚೆ. ಎರಡನ್ನೂ ಒಟ್ಟಿಗೆ ನಿಚ್ಚಳವಾಗಿ ನೋಡಲು ಯಾವ ಕಣ್ಣಿಗೂ ಆಗದು. ಎಳೆಯ ಕಣ್ಣು ಒಂದರಿಂದ ಇನ್ನೊಂದಕ್ಕೆ ಚಕ್ಕನೆ ಹಾರುತ್ತದೆ, ಅಷ್ಟೆ. ಕಣ್ಣಿನೊಳಗಿನ ಮಸೂರ ಉಬ್ಬಿ, ಚಪ್ಪಟೆಯಾಗಿ ಈ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಹತ್ತು ವರ್ಷದ ಮಗು ಮೂಗಿನ ತುದಿಯಿಂದ ಗೇಣಿಗಿಂತ ಕಡಿಮೆ ದೂರದ ಅಕ್ಷರವನ್ನೂ ಓದಬಲ್ಲದು. ನಲವತ್ತು ದಾಟಿದಂತೆ ಮಸೂರ ಗಡುಸಾಗುತ್ತದೆ. ಅದನ್ನೇ ನಮ್ಮ ಹಿರಿಯರು 'ಚಾಳೀಸು ಬಂತು' ಎನ್ನುತ್ತಿದ್ದರು. ಅರವತ್ತರ ಹೊತ್ತಿಗೆ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವ ಅತಿ ಹತ್ತಿರದ ಬಿಂದು ಒಂದು ಮೀಟರಿನ ಆಸುಪಾಸಿಗೆ ಸರಿದಿರುತ್ತದೆ. ರೈಫಲಿನ ಅಲಗು ಅದಕ್ಕೂ ಈಚೆ ಉಳಿದುಬಿಡುತ್ತದೆ!

ದೂರದರ್ಶಕ ಈ ತೊಡಕನ್ನು ಚೆನ್ನಾಗಿಯೇ ಬಿಡಿಸುತ್ತದೆ. ಅದರೊಳಗಿನ ಮಸೂರ ದೂರದ ಗುರಿಯ ಬಿಂಬವನ್ನು ಕೊಳವೆಯ ಒಳಗೇ ಮೂಡಿಸುತ್ತದೆ. ಅದೇ ಸಮತಲದಲ್ಲಿ ಕೂದಲಿನಷ್ಟು ತೆಳುವಾದ ಅಡ್ಡಗೆರೆ, ಉದ್ದಗೆರೆ ಇರುತ್ತವೆ. ಗುರಿ ಮತ್ತು ಗೆರೆ ಎರಡೂ ಒಂದೇ ದೂರದಲ್ಲಿ ಕಾಣುವುದರಿಂದ ಕಣ್ಣು ಒಂದೇ ಹೊಂದಾಣಿಕೆಯಲ್ಲಿ ನಿಶ್ಚಿಂತವಾಗಿರಬಹುದು. ಲೋಹದ ಅಲಗಿನ ಇನ್ನೊಂದು ದೋಷವನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಬಹುದು. ಅಲಗಿನ ದಪ್ಪ 2 ಮಿಲಿಮೀಟರ್ ಎಂದಿಟ್ಟುಕೊಳ್ಳಿ, ಕಣ್ಣಿನಿಂದ ದೂರ 80 ಸೆಂಟಿಮೀಟರ್. ಸಮರೂಪ ತ್ರಿಭುಜಗಳ ನಿಯಮ ಹಚ್ಚಿದರೆ, 100 ಮೀಟರ್ ದೂರದಲ್ಲಿ ಅದು 25 ಸೆಂಟಿಮೀಟರ್ ಅಗಲದಷ್ಟನ್ನು ಮರೆಮಾಡುತ್ತದೆ. ಒಂದು ಊಟದ ತಟ್ಟೆಯಷ್ಟು!

ಕೋವಿಗೆ ದೂರದರ್ಶಕ ಕೂರಿಸುವ ವಿದ್ಯೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ, ಕಾರ್ಖಾನೆಯಿಂದ ಬಂದ ನಂಬರ್ 4 ರೈಫಲ್‌ಗಳಲ್ಲಿ ಗುರಿ ಕರಾರುವಾಕ್ಕಾಗಿದ್ದವನ್ನು ಆರಿಸಿ, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ಕಳಿಸುತ್ತಿದ್ದರು. ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೈಫಲ್‌ಗಳಿಗೆ ನಂಬರ್ 32 ಎಂಬ ದೂರದರ್ಶಕ ಕೂರಿಸಿದರು. ಅದು ಬರಿಗಣ್ಣಿನ ಸುಮಾರು ಮೂರು ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು. ಕಣ್ಣು ಎತ್ತರಕ್ಕೆ ಹೋದದ್ದರಿಂದ ಕೆನ್ನೆಗೆ ಆಸರೆಯಾಗಲೆಂದು ಮರದ ತುಂಡೊಂದನ್ನೂ ಹಿಂಭಾಗಕ್ಕೆ ತಿರುಪು ಹಾಕಿ ಜೋಡಿಸಿದರು. ರೈಫಲಿನ ಸಂಖ್ಯೆಯನ್ನು ದೂರದರ್ಶಕದ ಹಿಡಿಕೆಯ ಮೇಲೂ, ದೂರದರ್ಶಕದ ಸಂಖ್ಯೆಯನ್ನು ರೈಫಲಿನ ಮರದ ಮೇಲೂ ಒತ್ತಿದರು. ಒಂದರದು ಇನ್ನೊಂದಕ್ಕೆ ಹೋಗಬಾರದು. ಒಂದು ರೀತಿಯಲ್ಲಿ ಮದುವೆಯೇ.

ಬೇರೆ ದೇಶಗಳೂ ಇದೇ ಪಾಡು ಪಟ್ಟವು. ರಷ್ಯನ್ನರ ಮೋಸಿನ್-ನಗಾಂತ್ ರೈಫಲಿನ ಬೋಲ್ಟಿನ ಹಿಡಿ ನೇರವಾಗಿತ್ತು. ಮೇಲೆ ದೂರದರ್ಶಕ ಬಂದಾಗ ಅದಕ್ಕೆ ತಾಗತೊಡಗಿತು, ಹಿಡಿಯನ್ನು ಕೆಳಕ್ಕೆ ಬಗ್ಗಿಸಬೇಕಾಯಿತು. ಅಮೆರಿಕದ ಗರಾಂಡ್ ರೈಫಲಿಗೆ ಎಂಟು ತೋಟಾಗಳ ಕ್ಲಿಪ್ಪನ್ನು ಮೇಲಿನಿಂದಲೇ ತುಂಬಬೇಕು. ಹಾಗಾಗಿ ದೂರದರ್ಶಕವನ್ನು ಎಡಕ್ಕೆ ಸರಿಸಿದರು, ಸೈನಿಕನ ಕೆನ್ನೆಯೂ ಎಡಕ್ಕೆ ಸರಿಯಲೆಂದು ಚರ್ಮದ ದಿಂಬು ಕಟ್ಟಿದರು. ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕದಲುತ್ತದೆ. ಹಳೆಯ ಮನೆಗೆ ಹೊಸ ಬಾಗಿಲು ಇಡಿಸಿದವರಿಗೆ ಇದು ಗೊತ್ತು.

ಈಗ ದೂರದರ್ಶಕವೇ ಬೇಕೆಂದಿಲ್ಲ. ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟುಗಳೂ ಇವೆ. ಚುಕ್ಕೆಯಿಂದ ಹೊರಟ ಬೆಳಕನ್ನು ಸಮಾಂತರ ಕಿರಣಗಳಾಗಿ ಕಣ್ಣಿಗೆ ಕಳಿಸಿದರೆ, ಅದು ಗಾಜಿನ ಮೇಲಿರುವಂತೆ ಕಾಣದೆ ಗುರಿಯ ದೂರದಲ್ಲೇ ತೇಲುವಂತೆ ಕಾಣುತ್ತದೆ. ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಬ್ಯಾಟರಿಯ ಕೆಂಪು ಚುಕ್ಕೆಯನ್ನು ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಆದರೆ ಮೂಲತತ್ವವನ್ನು ಡಬ್ಲಿನ್ನಿನ ದೂರದರ್ಶಕ ತಯಾರಕ ಹೋವರ್ಡ್ ಗ್ರಬ್ 1900ರಲ್ಲೇ ಬಳಸಿದ್ದ. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ವಿಮಾನದಲ್ಲಿ, ಪೈಲಟ್ಟಿನ ಮುಂದಿನ ಗಾಜಿನ ಮೇಲೆ ಅಂಕಿಗಳು ಮೂಡುವುದೂ ಇದೇ ತತ್ವದಿಂದ.

ಹಿರಿಯರು ಕೋವಿ ರಿಪೇರಿಯವನ ಬಳಿಗೆ ಹೋದರು. ಅವನು ರೈಫಲನ್ನು ತಿರುಗಿಸಿ ನೋಡಿ, ನಳಿಕೆಯ ಬುಡದ ಉಕ್ಕಿನಲ್ಲಿ ತೂತು ಕೊರೆದು ತಿರುಪು ಹಾಕಿದರೆ ಗಟ್ಟಿಯಾಗಿ ಕೂರುತ್ತದೆ ಎಂದ. ಕೊರೆಯದೆ, ಹಿಂದಿನ ಸೈಟನ್ನು ಬಿಚ್ಚಿ ಆ ಜಾಗದಲ್ಲೇ ಹಿಡಿಸುವ ಪಟ್ಟಿಗಳೂ ಉಂಟು, ಆದರೆ ಅಷ್ಟು ಬಿಗಿಯಲ್ಲ ಎಂದೂ ಸೇರಿಸಿದ. ಹಿರಿಯರಿಗೆ ಅವಸರವಿತ್ತು. ಕೊರೆದೇಬಿಡಿ ಎನ್ನಲು ಬಾಯಿ ತೆರೆದರು. ಆದರೆ 1943ರ ಆ ಉಕ್ಕಿನ ಮೇಲೆ ಒತ್ತಿದ್ದ ಸಂಖ್ಯೆಯನ್ನು ನೋಡಿ, ನಾಳೆ ಹೇಳುತ್ತೇನೆಂದು ಹಿಂತಿರುಗಿದರು. ಮನೆತನದ ಕೋವಿ ಎಂದರೇನೆಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೈಲ್‌ಪೊಳ್ದು ಹಬ್ಬದಂದು ಆಯುಧಗಳನ್ನೆಲ್ಲ ಸಾಲಾಗಿಟ್ಟು, ತೋಕ್‌ಪೂ ಸಿಕ್ಕಿಸಿ ಪೂಜಿಸಿದ ಮೇಲೆಯೇ ಅವರು ತೆಂಗಿನಕಾಯಿಗೆ ಗುರಿಯಿಡುವುದು. ಕೊರೆದ ತೂತನ್ನು ತುಂಬಬಹುದು, ಕೊರೆಯದಂತೆ ಮಾಡಲಾಗದು.

ಮನೆಯಲ್ಲಿ ಹದಿನೈದು ವರ್ಷದ ಮೊಮ್ಮಗಳಿದ್ದಳು. ಶಾಲೆಯಲ್ಲಿ ಆಗತಾನೆ ಬೆಳಕಿನ ಪಾಠ ಮುಗಿದಿತ್ತು. ತಾತ ಎಲ್ಲವನ್ನೂ ಹೇಳಿಕೊಂಡಾಗ ಅವಳು ಒಂದೇ ಪ್ರಶ್ನೆ ಕೇಳಿದಳು.

"ತಾತ, ನಿನ್ನ ರೈಫಲಿನ ಹಿಂದಿನ ಸೈಟು ಒಂದು ಸೂಜಿರಂಧ್ರ ಇದ್ದ ಹಾಗೆ ಅಲ್ಲವಾ? ಚಾಳೀಸಿನ ಕಣ್ಣಿಗೆ ಅದು ಸಹಾಯ ಮಾಡಬೇಕಿತ್ತು. ಯಾಕೆ ಮಾಡಲಿಲ್ಲ?"

ಪ್ರಶ್ನೆ ಸರಿಯಾಗಿಯೇ ಇತ್ತು. ಇದನ್ನು ಯಾರು ಬೇಕಾದರೂ ಮನೆಯಲ್ಲಿ ಪರೀಕ್ಷಿಸಬಹುದು. ಪೋಸ್ಟ್‌ಕಾರ್ಡಿನಂಥ ದಪ್ಪ ಕಾಗದದಲ್ಲಿ ಸೂಜಿಯಿಂದ ಒಂದು ತೂತು ಮಾಡಿ. ಚಾಳೀಸಿನ ಕನ್ನಡಕ ಹಾಕುವ ಅಪ್ಪನೋ ಅಜ್ಜಿಯೋ ಅದನ್ನು ತೆಗೆದಿಟ್ಟು, ಒಳ್ಳೆಯ ಬೆಳಕಿನಲ್ಲಿ ತೂತಿನ ಮೂಲಕ ಪತ್ರಿಕೆಯ ಅಕ್ಷರ ನೋಡಲಿ. ಮಸುಕಾಗಿದ್ದ ಅಕ್ಷರ ಎದ್ದು ಕಾಣುತ್ತದೆ. ತೂತು ಅಡ್ಡಾದಿಡ್ಡಿ ಕಿರಣಗಳನ್ನು ತಡೆದು ತೆಳುವಾದ ಒಂದು ಕಂತೆಯನ್ನಷ್ಟೇ ಬಿಡುವುದರಿಂದ, ಮಸೂರದ ಹೊಂದಾಣಿಕೆ ಸಾಲದಿದ್ದರೂ ನಡೆಯುತ್ತದೆ. ಸೂರ್ಯನ ಕಡೆಗೆ ಮಾತ್ರ ಯಾವತ್ತೂ ನೋಡಬಾರದು.

ಮೊಮ್ಮಗಳು ಕಾಗದಕ್ಕೆ ತೂತು ಮಾಡಿ ಕೊಟ್ಟಳು. ಎಡಗಣ್ಣಿನಲ್ಲಿ ಅಕ್ಷರಗಳು ಎದ್ದು ಬಂದವು. ಬಲಗಣ್ಣಿನಲ್ಲಿ ಬರಲಿಲ್ಲ. ಮಂಜು ಕವಿದ ಗಾಜಿನಾಚೆ ಇದ್ದ ಹಾಗೆಯೇ ಉಳಿದವು. ಗುರಿಯಿಡುವುದು ಆ ಕಣ್ಣಿನಿಂದಲೇ.

"ರಾತ್ರಿ ದೀಪಗಳ ಸುತ್ತ ಬಳೆ ಬಳೆಯಾಗಿ ಕಾಣುತ್ತದಾ?"

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕಾಣುತ್ತಿತ್ತು. ಒಂದು ವರ್ಷದಿಂದ ಕಾಣುತ್ತಿತ್ತು. ಕಾರಿನ ದೀಪ ಕೊಳೆಯಾಗಿದೆ ಎಂದು ಅವರು ಒರೆಸುತ್ತಿದ್ದರು.

ಕಣ್ಣಿನ ವೈದ್ಯರು ಹೇಳಿದ್ದೂ ಅದನ್ನೇ: ಬಲಗಣ್ಣಿನಲ್ಲಿ ಪೊರೆ. ಸೂಜಿರಂಧ್ರದ ಪರೀಕ್ಷೆಯನ್ನು ವೈದ್ಯರೂ ಮಾಡುತ್ತಾರೆ. ತೂತಿನ ಮೂಲಕ ನೋಟ ತಿಳಿಯಾದರೆ ದೋಷ ಬಹುಮಟ್ಟಿಗೆ ಕನ್ನಡಕದಿಂದ ತೀರುವಂಥದ್ದು. ತಿಳಿಯಾಗದಿದ್ದರೆ ಬೇರೇನೋ ಇದೆ, ಹುಡುಕಬೇಕು. ಪೊರೆ ಬಂದ ಕಣ್ಣಿಗೆ ಎಂಥ ದೂರದರ್ಶಕ ಕೊಟ್ಟರೂ ಅದು ಮಂಜನ್ನು ಕರಗಿಸದು. ಬಿಂಬ ದೊಡ್ಡದಾದಾಗ ಕೆಲಸ ನಡೆಯುತ್ತಿದೆ ಎಂಬ ಭ್ರಮೆಯಲ್ಲಿ ಇನ್ನೂ ಒಂದೆರಡು ವರ್ಷ ದೂಡಬಹುದಿತ್ತು. ಅದೇ ಕಣ್ಣಿನಲ್ಲಿ ರಾತ್ರಿ ಕಾರನ್ನೂ ಓಡಿಸುತ್ತಿದ್ದರು.

ಶಸ್ತ್ರಚಿಕಿತ್ಸೆಯಾಯಿತು. ಮಸುಕಾದ ಮಸೂರವನ್ನು ತೆಗೆದು ಪಾರದರ್ಶಕ ಕೃತಕ ಮಸೂರವನ್ನು ಇಟ್ಟರು. ಈ ಮಸೂರಕ್ಕೂ ಆ ರೈಫಲಿನ ಕಾಲಕ್ಕೂ ನಂಟಿದೆ. ಯುದ್ಧಕಾಲದ ವಿಮಾನಗಳ ಮುಚ್ಚಳವನ್ನು ಪರ್ಸ್‌ಪೆಕ್ಸ್ ಎಂಬ ಪ್ಲಾಸ್ಟಿಕ್‌ನಿಂದ ಮಾಡುತ್ತಿದ್ದರು. ಗುಂಡೇಟಿಗೆ ಅದು ಒಡೆದು ಚೂರುಗಳು ಪೈಲಟ್ಟುಗಳ ಕಣ್ಣಿಗೆ ಹೊಕ್ಕಾಗ, ಕಣ್ಣು ಅವುಗಳ ವಿರುದ್ಧ ಕೆರಳದೆ ಸುಮ್ಮನಿದ್ದುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. ಆ ಜಾತಿಯ ಪ್ಲಾಸ್ಟಿಕ್‌ನಿಂದಲೇ ಮಸೂರ ಮಾಡಿಸಿ, 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಸಲ ಒಬ್ಬರ ಕಣ್ಣಿಗೆ ಕೂರಿಸಿದರು. ಸಹೋದ್ಯೋಗಿಗಳಲ್ಲಿ ಹಲವರು ಬಹುಕಾಲ ಅದನ್ನು ಒಪ್ಪಲಿಲ್ಲ. ಈಗ ಪೊರೆಯ ಶಸ್ತ್ರಚಿಕಿತ್ಸೆಯೆಂದರೆ ಮಸೂರ ಇಡುವುದು ಎಂದೇ ಎಲ್ಲರ ತಿಳುವಳಿಕೆ.

ದೂರಕ್ಕೆ ಹೊಂದಿಸಿಟ್ಟ ಆ ಮಸೂರಕ್ಕೆ ಉಬ್ಬುವ, ಚಪ್ಪಟೆಯಾಗುವ ಶಕ್ತಿ ಇಲ್ಲ. ಗುರಿ ಕನ್ನಡಿಯಷ್ಟು ನಿಚ್ಚಳವಾಯಿತು, ಅಲಗು ಮಾತ್ರ ಸ್ವಲ್ಪ ಮಸುಕಾಗಿ ಉಳಿಯಿತು. ಆಗ ಹಿರಿಯರು ರಿಪೇರಿಯವನ ಬಳಿ ಮತ್ತೆ ಹೋಗಿ, ಕೊರೆಯದೆ ಹಿಡಿಸುವ ಪಟ್ಟಿಯ ಮೇಲೆ ಕಡಿಮೆ ಶಕ್ತಿಯ ಹೊಸ ದೂರದರ್ಶಕವೊಂದನ್ನು ಕೂರಿಸಿಕೊಂಡು ಬಂದರು. ಲೋಹದ ಸೈಟುಗಳೇ ಬೇಕೆನ್ನುವ ಸ್ಪರ್ಧೆಗಳನ್ನು ಬಿಟ್ಟುಕೊಟ್ಟರು. ಐದು ತೋಟಾಗಳನ್ನು ಒಮ್ಮೆಗೇ ಒತ್ತುವ ಕ್ಲಿಪ್ಪಿಗೆ ದಾರಿ ಮುಚ್ಚಿತು, ಒಂದೊಂದಾಗಿ ತುಂಬಬೇಕಾಯಿತು. ಇನ್ನೊಂದು ಪಾಠವೂ ಆಯಿತು. ದೂರದರ್ಶಕ ಗುರಿಯನ್ನಷ್ಟೇ ಅಲ್ಲ, ಕೈಯ ನಡುಕವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಎದೆಬಡಿತಕ್ಕೆ ಗೆರೆಗಳು ಕುಣಿಯುವುದು ಮೊದಲ ದಿನವೇ ಕಂಡಿತು. ಉಸಿರು ಹಿಡಿದು ಕುದುರೆ ಎಳೆಯುವ ಹಳೆಯ ಅಭ್ಯಾಸವನ್ನು ಯಾವ ಗಾಜೂ ಕಲಿಸಲಿಲ್ಲ.

ಬಿಚ್ಚಿದ ಹಿಂದಿನ ಸೈಟನ್ನು ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬದಲ್ಲಿಟ್ಟರು. ಮುಚ್ಚಳದ ಮೇಲೆ ರೈಫಲಿನ ಸಂಖ್ಯೆ ಬರೆದರು. ಮುಂದೆ ಅದನ್ನು ಮೊಮ್ಮಗಳು ಇಟ್ಟುಕೊಳ್ಳಲಿ, ಸಂಗ್ರಹಾಲಯಕ್ಕೆ ಕೊಡಲಿ, 1943ರಲ್ಲಿ ಇದ್ದಂತೆಯೇ ಇರುತ್ತದೆ.

ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನಿಗೆ ಬೋರ್ಡು ಕಾಣದಿದ್ದರೆ ಅಕ್ಷರ ದೊಡ್ಡದಾಗಿ ಬರೆಯಿರಿ ಎನ್ನುತ್ತಾನೆ, ಅಂಕ ಕಡಿಮೆಯಾದರೆ ಮನೆಯವರು ಟ್ಯೂಷನ್ ಬದಲಿಸುತ್ತಾರೆ. ಕಣ್ಣನ್ನು ಪರೀಕ್ಷಿಸಬೇಕೆಂದು ಕೊನೆಗೆ ನೆನಪಾಗುತ್ತದೆ. ಕೊರೆಯುವ ಮೊದಲು ದೋಷ ಎಲ್ಲಿದೆಯೆಂದು ನೋಡುವುದು ಒಳ್ಳೆಯದು. ಅಂಚೆ ಕಚೇರಿಯ ಆ ಹಿರಿಯರ ವಿಷಯದಲ್ಲಿ ಕೊಯ್ತ ಬೇಕಿದ್ದದ್ದು ಕಣ್ಣಿಗೆ, ಕೋವಿಗಲ್ಲ. ಅದನ್ನು ಕಂಡುಹಿಡಿಯಲು ಆದ ಖರ್ಚು ಒಂದು ಹಾಳೆ ಕಾಗದ, ಒಂದು ಸೂಜಿ.

ಮುಂದಿನ ಬೇಸಿಗೆಯಲ್ಲಿ ಅವರು ಬಿಸ್ಲಿಯಲ್ಲಿ ಮತ್ತೆ ಮಲಗಿದರು. ಮೊದಲು ಫಲಕದ ಸಂಖ್ಯೆಯನ್ನು ಓದಿಕೊಂಡರು. ಆಮೇಲೆ ಗುರಿಯಿಟ್ಟರು.